ಹಳೆ ಗೇಮ್‌ಪ್ಯಾಡ್‌ನಿಂದ ರಡರ್ ಪೆಡಲ್, ನಂಬರ್ ಪ್ಯಾಡ್‌ನಿಂದ ಸ್ವಿಚ್ ಪ್ಯಾನೆಲ್: ರಡರ್ ಕುಪ್ಪಳಿಸುತ್ತಿದೆ

ಬಾಲಂಗೋಚಿ

ಫ್ಲೈಟ್‌ಗಿಯರ್ ಎಂಬ ವಿಮಾನ ಹಾರಾಟದ ಆಟದಲ್ಲಿ ಸೆಸ್ನಾ 172 ವಿಮಾನ ಹಾರಿಸಲು ಕಂಟ್ರೋಲ್ ಜೋಡಿಸುತ್ತಿದ್ದೇನೆ. ವಿಂಡೋಸ್ ಲ್ಯಾಪ್‌ಟಾಪ್. ಕೈಯಲ್ಲಿರುವುದು ಎರಡು ಅನಲಾಗ್ ಸ್ಟಿಕ್‌ನ ಯುಎಸ್‌ಬಿ ಗೇಮ್‌ಪ್ಯಾಡ್, ಯುಎಸ್‌ಬಿ ನಂಬರ್ ಪ್ಯಾಡ್, ಒಂದು ಕೆಟ್ಟ ಮೌಸ್. ಗೇಮ್‌ಪ್ಯಾಡ್‌ನ ಬಲಗಡೆ ಸ್ಟಿಕ್ ಬಿಚ್ಚಿ, ಅದರ ಒಂದು ಆಕ್ಸಿಸ್‌ಗೆ (ಒಂದು ದಿಕ್ಕಿನ ಚಲನೆ ಓದುವ ಭಾಗ) 10ಕೆ ಪಾಟ್ (ತಿರುಗಿಸಿದಂತೆ ರೋಧ ಬದಲಾಗುವ ಪೊಟೆನ್ಶಿಯೋಮೀಟರ್) ಹಾಕಿ, ಪಾಟನ್ನು ಮರದ ರಡರ್ ಬಾರ್‌ನ (ವಿಮಾನದ ಮೂತಿಯನ್ನು ಎಡಬಲಕ್ಕೆ ತಿರುಗಿಸಲು ಕಾಲಿನಿಂದ ಒತ್ತುವ ಪಟ್ಟಿ) ತಿರುಗಚ್ಚಿಗೇ ನೇರ ಕೂರಿಸಿದೆ. ಬಾರ್ ಪೂರ್ತಿ ಒತ್ತಿದರೂ ರಡರ್ ಸ್ವಲ್ಪವೇ ತಿರುಗುತ್ತಿತ್ತು. ಕ್ಯಾಲಿಬ್ರೇಟ್ ಮಾಡಿದ (ಬಾರ್‌ನ ಎರಡು ತುದಿ ಎಲ್ಲೆಂದು ಕಂಪ್ಯೂಟರ್‌ಗೆ ತೋರಿಸಿದ) ಮೇಲೆ ಪೂರ್ತಿ ತಿರುಗುತ್ತೆ, ಆದರೆ ಮೆಟ್ಟಿಲು ಹತ್ತಿದ ಹಾಗೆ ಕುಪ್ಪಳಿಸುತ್ತೆ. ಇನ್ನೊಂದು ಆಕ್ಸಿಸ್ ಮುಟ್ಟದಿದ್ದರೂ ತಾನಾಗಿ ಓಡಾಡುತ್ತೆ. ನಂಬರ್ ಪ್ಯಾಡ್‌ಗೆ ಲೈಟು, ಫ್ಲಾಪ್ ಕೊಡೋಣವೆಂದರೆ ಕೀಬೋರ್ಡ್‌ನ ಅಂಕಿಗಳ ಜೊತೆ ಕಲಸಿಹೋಗುತ್ತೆ. ಏನು ಮಾಡಬಹುದು?

ಬೆಸುಗೆಕಡ್ಡಿ

ಕ್ಯಾಲಿಬ್ರೇಶನ್‌ನಿಂದ ಇದು ಸರಿಹೋಗಲ್ಲ, ಲೆಕ್ಕ ನೋಡಿ. ಸಾಮಾನ್ಯ ಪಾಟ್ ಸುಮಾರು 270 ಡಿಗ್ರಿ ತಿರುಗುತ್ತೆ. ನಿಮ್ಮ ಬಾರ್ ಹೆಚ್ಚೆಂದರೆ 40 ಡಿಗ್ರಿ. ಅಂದರೆ ಪಾಟ್‌ನ ಶೇ. 15ರಷ್ಟು ಮಾತ್ರ ಬಳಕೆ. ಅಗ್ಗದ ಗೇಮ್‌ಪ್ಯಾಡ್‌ಗಳು ಆಕ್ಸಿಸನ್ನು 8 ಬಿಟ್‌ನಲ್ಲಿ, 256 ಹಂತಗಳಲ್ಲಿ ಓದುತ್ತವೆ. ಅದರಲ್ಲಿ ನಿಮಗೆ ಸಿಗುವುದು 38 ಹಂತ. ಕ್ಯಾಲಿಬ್ರೇಶನ್ ಆ 38ನ್ನೇ ಹಿಗ್ಗಿಸುತ್ತೆ, ಹೊಸ ಹಂತ ಹುಟ್ಟಿಸಲ್ಲ. ಅದಕ್ಕೇ ಮೆಟ್ಟಿಲು.

ಪಾಟನ್ನು ತಿರುಗಚ್ಚಿನಿಂದ ಬಿಡಿಸಿ, ಅದರ ದಂಡಕ್ಕೆ 33 ಮಿ.ಮೀ. ವ್ಯಾಸದ ರಾಟೆ ಹಾಕಿ. ಬಾರ್‌ನ ಮೇಲೆ ತಿರುಗಚ್ಚಿನಿಂದ 10 ಸೆಂ.ಮೀ. ದೂರದ ಬಿಂದು 40 ಡಿಗ್ರಿಗೆ ಸುಮಾರು 70 ಮಿ.ಮೀ. ಚಲಿಸುತ್ತೆ. ಅಲ್ಲಿಂದ ಹಿಗ್ಗದ ದಾರವನ್ನು ರಾಟೆಗೆ ಒಂದು ಸುತ್ತು ಹಾಕಿ, ತುದಿಯನ್ನು ಸಣ್ಣ ಸ್ಪ್ರಿಂಗ್‌ನಿಂದ ಬಿಗಿದರೆ ಪಾಟ್ 240 ಡಿಗ್ರಿ ತಿರುಗುತ್ತೆ. ಹಂತ 230ರ ಹತ್ತಿರ ಬರುತ್ತೆ. ದಾರ ಜಾರಿದರೆ ಸೆಂಟರ್ ತಪ್ಪುತ್ತೆ, ರಾಟೆಗೆ ತೂತು ಕೊರೆದು ಗಂಟು ಹಾಕಿ. ಪಾಟ್ ಮೇಲೆ ಬಿ10ಕೆ ಅಂತ ಇದೆಯಾ ನೋಡಿಕೊಳ್ಳಿ. ಎ10ಕೆ ಲಾಗ್ ಪಾಟ್, ಅಂದರೆ ತಿರುಗಿಸಿದಂತೆ ರೋಧ ಸಮನಾಗಿ ಬದಲಾಗಲ್ಲ, ಅದರಲ್ಲಿ ಒಂದು ಕಡೆ ರಡರ್ ಮಂದ, ಇನ್ನೊಂದು ಕಡೆ ಅತಿ ಚುರುಕು.

ತಾನಾಗಿ ಓಡಾಡುವ ಆಕ್ಸಿಸ್ ನೀವು ಕಿತ್ತ ಸ್ಟಿಕ್‌ನ ಇನ್ನೊಂದು ಪಾಟ್‌ನದು. ಅದರ ಮಧ್ಯದ ಪಿನ್ ಈಗ ಗಾಳಿಯಲ್ಲಿದೆ. ಎರಡು 4.7ಕೆ ರೆಸಿಸ್ಟರ್ ತಗೊಳ್ಳಿ: ಒಂದು ಮಧ್ಯದ ಪಿನ್‌ನಿಂದ ಪ್ಲಸ್‌ಗೆ, ಒಂದು ಗ್ರೌಂಡ್‌ಗೆ. ಆಕ್ಸಿಸ್ ನಡುವಿನಲ್ಲೇ ನಿಲ್ಲುತ್ತೆ.

ಪೆಡಲ್ ನಡುವಿಗೆ ಬರಲು ಎದುರುಬದುರು ಎರಡು ಸ್ಪ್ರಿಂಗ್ ಹಾಕುವಾಗ ಎರಡನ್ನೂ ಮೊದಲೇ ಎಳೆದು ಕೂರಿಸಿ. ಒಂದು ಕಡೆ ಪೂರ್ತಿ ಒತ್ತಿದಾಗಲೂ ಸಡಿಲವಾಗುವ ಸ್ಪ್ರಿಂಗ್‌ನಲ್ಲಿ ಸ್ವಲ್ಪ ಬಿಗಿ ಉಳಿದಿರಬೇಕು. ಇಲ್ಲದಿದ್ದರೆ ಅದು ಕೊಕ್ಕೆಯಿಂದ ಕಳಚಿಕೊಳ್ಳುತ್ತೆ.

ಏಲೆರಾನ್

ನಂಬರ್ ಪ್ಯಾಡ್ ಕೈಬಿಡಿ. ವಿಂಡೋಸ್ ಎಲ್ಲ ಕೀಬೋರ್ಡ್‌ಗಳನ್ನೂ ಒಂದೇ ಎಂದು ಭಾವಿಸಿ ಆಟಕ್ಕೆ ಕೊಡುತ್ತೆ. ಬೇರ್ಪಡಿಸಬೇಕೆಂದರೆ ಇಂಟರ್‌ಸೆಪ್ಶನ್ ಡ್ರೈವರ್ (ಯಾವ ಕೀಬೋರ್ಡ್ ಎಂದು ಗುರುತಿಸಲು), ಆಟೋಹಾಟ್‌ಕೀ (ಕೀಗಳ ಕೆಲಸ ಬದಲಿಸಲು), ವಿಜಾಯ್ (ಅದನ್ನು ಜಾಯ್‌ಸ್ಟಿಕ್‌ನಂತೆ ತೋರಿಸಲು) ಹೀಗೆ ಮೂರು ಸಾಫ್ಟ್‌ವೇರ್ ಹಾಕಬೇಕಾಗುತ್ತೆ. ಮೇಲಾಗಿ ಫ್ಲೈಟ್‌ಗಿಯರ್‌ನಲ್ಲಿ ನಂಬರ್ ಪ್ಯಾಡ್‌ಗೆ ಈಗಾಗಲೇ ಕೆಲಸ ಇದೆ: 8, 2 ಎಲಿವೇಟರ್ (ಮೂತಿ ಮೇಲೆ-ಕೆಳಗೆ ಮಾಡಲು); 4, 6 ಏಲೆರಾನ್ (ಎಡಬಲಕ್ಕೆ ವಾಲಿಸಲು); 7, 1 ಟ್ರಿಮ್ (ಎಲಿವೇಟರ್ ಹಿಡಿದೇ ಇರದೆ ಮೂತಿಯನ್ನು ಒಂದೇ ಮಟ್ಟದಲ್ಲಿ ನಿಲ್ಲಿಸಲು). ಲೈಟಿಗೆಂದು 4 ಒತ್ತಿದರೆ ವಿಮಾನ ವಾಲುತ್ತೆ.

ನೀವು ಬಿಚ್ಚಿದ ಗೇಮ್‌ಪ್ಯಾಡ್‌ನಲ್ಲೇ ಹತ್ತಾರು ಬಟನ್ ಸುಮ್ಮನೆ ಬಿದ್ದಿವೆಯಲ್ಲ, ಅವಕ್ಕೇ ಸ್ವಿಚ್ ಕೊಡಿ. ರಬ್ಬರ್ ಬಟನ್ ಕೂರುವ ಕಪ್ಪು ಜಾಗ ಕಾರ್ಬನ್, ಅದಕ್ಕೆ ಬೆಸುಗೆ ಹಿಡಿಯಲ್ಲ. ಅಲ್ಲಿಂದ ಹೊರಡುವ ಗೆರೆಯ ಮೇಲಿನ ಹಸಿರು ಲೇಪವನ್ನು ಬ್ಲೇಡಿನಿಂದ ಕೆರೆದು, ತಾಮ್ರ ಕಂಡ ಮೇಲೆ ಬೆಸೆಯಿರಿ. ಎಲ್ಲ ಬಟನ್‌ಗೂ ಗ್ರೌಂಡ್ ಒಂದೇನಾ ಅಂತ ಮೊದಲು ಮಲ್ಟಿಮೀಟರ್‌ನಲ್ಲಿ ನೋಡಿ. ಒಂದೇ ಆದರೆ ಅರ್ಧ ವೈರ್ ಉಳಿಯುತ್ತೆ. ಮ್ಯಾಟ್ರಿಕ್ಸ್ (ಬಟನ್‌ಗಳ ವೈರ್ ಅಡ್ಡ-ಉದ್ದ ಸಾಲುಗಳಲ್ಲಿ ಹಂಚಿದ್ದು) ಆದರೆ ಎಚ್ಚರ: ಆನ್ ಇಟ್ಟ ಟಾಗಲ್ ಸ್ವಿಚ್ಚೆಂದರೆ ಒತ್ತಿಹಿಡಿದ ಬಟನ್. ಚೌಕದ ಮೂರು ಮೂಲೆಯ ಸ್ವಿಚ್ ಆನ್ ಇದ್ದರೆ ನಾಲ್ಕನೆಯದೂ ಒತ್ತಿದಂತೆ ಕಾಣಿಸುತ್ತೆ. ಪ್ರತಿ ಸ್ವಿಚ್‌ಗೂ ಒಂದು 1ಎನ್4148 ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಹಾಕಿದರೆ ಇದು ನಿಲ್ಲುತ್ತೆ.

ಫ್ಲೈಟ್‌ಗಿಯರ್‌ನ ಜಾಯ್‌ಸ್ಟಿಕ್ ಎಕ್ಸ್‌ಎಂಎಲ್‌ನಲ್ಲಿ (ಯಾವ ಬಟನ್‌ಗೆ ಯಾವ ಕೆಲಸ ಎಂದು ಬರೆಯುವ ಫೈಲು) ಲೈಟಿಗೆ ಪ್ರಾಪರ್ಟಿ-ಟಾಗಲ್ (ಒತ್ತಿದಾಗಲೆಲ್ಲ ಆನ್-ಆಫ್ ಅದಲುಬದಲು) ಬಳಸಬೇಡಿ. ಪ್ರಾಪರ್ಟಿ-ಅಸೈನ್‌ನಿಂದ ಒತ್ತಿದಾಗ 1, ಮಾಡ್-ಅಪ್ ಒಳಗೆ, ಅಂದರೆ ಬಿಟ್ಟಾಗ, 0 ಕೊಡಿ. ಸ್ವಿಚ್ಚಿನ ಸ್ಥಾನಕ್ಕೂ ಪರದೆಗೂ ತಾಳೆ ಇರುತ್ತೆ. ಆಟ ಶುರುವಾದಾಗ ತಾಳೆ ಇಲ್ಲದಿದ್ದರೆ ಒಮ್ಮೆ ಆಫ್-ಆನ್ ಮಾಡಿದರಾಯಿತು.

ಬಾಲಂಗೋಚಿ

ರಾಟೆ ಲೆಕ್ಕ ಅರ್ಥವಾಯಿತು, ಥ್ಯಾಂಕ್ಸ್. ಮೌಸ್‌ನ ಚಕ್ರದಿಂದ ಟ್ರಿಮ್ ಮಾಡಲು ಆಗುತ್ತಾ?

ಮೂಡಗಾಳಿ

ಮೌಸ್ ಆಗಿಯೇ ಜೋಡಿಸಿದರೆ ಪ್ರಯೋಜನವಿಲ್ಲ, ಎರಡು ಮೌಸ್‌ಗೂ ಕೀಬೋರ್ಡ್‌ನ ಗತಿಯೇ. ಚಕ್ರದ ಪಕ್ಕದ ಮೂರು ಕಾಲಿನ ಎನ್‌ಕೋಡರನ್ನು (ಚಕ್ರ ಯಾವ ಕಡೆ ಎಷ್ಟು ತಿರುಗಿತೆಂದು ತಿಳಿಸುವ ಭಾಗ) ಬಿಡಿಸಿ ಆರ್ಡುಯಿನೋ ಪ್ರೊ ಮೈಕ್ರೋ ಎಂಬ ಪುಟ್ಟ ಪ್ರೋಗ್ರಾಮ್ ಮಾಡಬಲ್ಲ ಬೋರ್ಡ್‌ಗೆ ಕೊಡಿ. ಬೆಂಗಳೂರಿನವರಾದರೆ ಎಸ್.ಪಿ. ರಸ್ತೆಯಲ್ಲಿ ವಿಚಾರಿಸಿ. ಎಟಿಮೆಗಾ32ಯು4 ಚಿಪ್‌ನದೇ ಬೇಕು, ಅದು ನೇರ ಜಾಯ್‌ಸ್ಟಿಕ್ ಆಗಿ ಕಾಣಿಸಿಕೊಳ್ಳುತ್ತೆ. ಆರ್ಡುಯಿನೋ ನ್ಯಾನೋದಲ್ಲಿರುವ 328ಪಿ ಚಿಪ್ ಹಾಗೆ ಆಗಲ್ಲ. ಎನ್‌ಕೋಡರ್‌ನ ಕಾಮನ್ ಕಾಲು ಗ್ರೌಂಡ್‌ಗೆ, ಉಳಿದೆರಡು ಇಂಟರಪ್ಟ್ ಇರುವ (ಬದಲಾವಣೆಯನ್ನು ತಕ್ಷಣ ಗಮನಿಸುವ) ಡಿಜಿಟಲ್ ಪಿನ್‌ಗೆ. ಪಿನ್ ಗಾಳಿಯಲ್ಲಿ ತೇಲದಂತೆ ಪ್ಲಸ್‌ಗೆ ಎಳೆದಿಡುವ ಒಳಗಿನ ಪುಲ್‌ಅಪ್ ರೆಸಿಸ್ಟರ್ ಆನ್ ಮಾಡಿ.

ಪ್ರತಿ ಕ್ಲಿಕ್‌ಗೂ ಬಟನ್ ಒತ್ತಿದಂತೆ ಕಳಿಸುವವರೇ ಹೆಚ್ಚು. ಅದರಲ್ಲಿ ತೊಡಕಿದೆ. ಆಟ ಬಟನ್‌ಗಳನ್ನು ಫ್ರೇಮಿಗೊಮ್ಮೆ ಓದುತ್ತೆ. 20 ಎಫ್‌ಪಿಎಸ್‌ನಲ್ಲಿ, ಅಂದರೆ ಸೆಕೆಂಡಿಗೆ 20 ಫ್ರೇಮ್ ಇದ್ದಾಗ, ಒಂದು ಫ್ರೇಮ್ 50 ಮಿಲಿಸೆಕೆಂಡ್. ಅದಕ್ಕಿಂತ ಚಿಕ್ಕ ಒತ್ತು ಕಳೆದುಹೋಗಬಹುದು. ಉದ್ದ ಮಾಡಿದರೆ, ಜೋರಾಗಿ ತಿರುಗಿಸಿದಾಗ ಒತ್ತುಗಳು ಸಾಲುಗಟ್ಟಿ, ಚಕ್ರ ನಿಂತ ಮೇಲೂ ಟ್ರಿಮ್ ಓಡುತ್ತಿರುತ್ತೆ. ಅದರ ಬದಲು ಕ್ಲಿಕ್‌ಗಳನ್ನು ಆರ್ಡುಯಿನೋ ಒಳಗೇ ಎಣಿಸಿ, ಆ ಎಣಿಕೆಯನ್ನು ಆಕ್ಸಿಸ್ ಆಗಿ ಕಳಿಸಿ ಎಲಿವೇಟರ್ ಟ್ರಿಮ್‌ಗೆ ಕೊಡಿ.

ಪ್ರೊ ಮೈಕ್ರೋ ತಂದ ಮೇಲೆ ರಡರ್ ಪಾಟನ್ನೂ ಅದಕ್ಕೇ ವರ್ಗಾಯಿಸಿ. ಅದರ ಎಡಿಸಿ (ವೋಲ್ಟೇಜನ್ನು ಅಂಕಿಯಾಗಿ ಓದುವ ಭಾಗ) 10 ಬಿಟ್, 1024 ಹಂತ. ಪಾಟ್‌ನ ಮಧ್ಯದ ಪಿನ್‌ಗೂ ಗ್ರೌಂಡ್‌ಗೂ ನಡುವೆ 100 ನ್ಯಾನೋಫ್ಯಾರಡ್ ಕೆಪಾಸಿಟರ್ ಇಟ್ಟು, 16 ಓದುಗಳ ಸರಾಸರಿ ತೆಗೆದರೆ ನಡುಕ ತಗ್ಗುತ್ತೆ. 5 ವೋಲ್ಟ್ ಬೋರ್ಡ್‌ಗೆ ಆರ್ಡುಯಿನೋ ಐಡಿಇನಲ್ಲಿ (ಪ್ರೋಗ್ರಾಮ್ ಬರೆದು ಬೋರ್ಡಿಗೆ ಹಾಕುವ ಸಾಫ್ಟ್‌ವೇರ್) 3.3 ವೋಲ್ಟ್, 8 ಮೆಗಾಹರ್ಟ್ಸ್ ಆರಿಸಿದರೆ ಯುಎಸ್‌ಬಿಯಲ್ಲಿ ಬೋರ್ಡ್ ಕಾಣಿಸಲ್ಲ. ಕೆಟ್ಟಿತೆಂದು ಎಸೆಯಬೇಡಿ. ಆರ್‌ಎಸ್‌ಟಿ (ರೀಸೆಟ್) ಪಿನ್ ಅನ್ನು ಗ್ರೌಂಡ್‌ಗೆ ಬೇಗ ಎರಡು ಸಲ ಮುಟ್ಟಿಸಿದರೆ ಹೊಸ ಪ್ರೋಗ್ರಾಮ್ ಸ್ವೀಕರಿಸುವ ಬೂಟ್‌ಲೋಡರ್ 8 ಸೆಕೆಂಡ್ ಎದ್ದಿರುತ್ತೆ, ಅಷ್ಟರೊಳಗೆ ಸರಿಯಾದ ಬೋರ್ಡ್ ಆರಿಸಿ ಅಪ್‌ಲೋಡ್ ಶುರುಮಾಡಿ.