20000 ಎಂಎಎಚ್ ಪವರ್ ಬ್ಯಾಂಕ್: ನಾಲ್ಕೂ ದೀಪ ಉರಿಯುತ್ತೆ, ಫೋನ್ ಮಾತ್ರ ಒಂದೇ ಸಲ ತುಂಬುತ್ತೆ

ತುಂಗಾತೀರ:
ನಮಸ್ಕಾರ. ನಮ್ಮದು ತೀರ್ಥಹಳ್ಳಿ ಕಡೆ. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿತ್ತು ಅಂದ್ರೆ ಎರಡು ಮೂರು ದಿನ ಕರೆಂಟ್ ಇರಲ್ಲ. ಅದಕ್ಕೇ ಎರಡು ವರ್ಷದ ಹಿಂದೆ 20000 ಎಂಎಎಚ್ ಪವರ್ ಬ್ಯಾಂಕ್ ತಗೊಂಡೆ. ಆಗ ನನ್ನ 5000 ಎಂಎಎಚ್ ಫೋನನ್ನ ಎರಡೂವರೆ ಸಲ ತುಂಬ್ತಿತ್ತು. ಈಗ ಒಂದು ಸಲ ತುಂಬಿ, ಎರಡನೇ ಸಲ ಶೇ. 20 ಬರೋದ್ರೊಳಗೆ ಆಫ್. ಕೇಬಲ್ ಬದಲಾಯಿಸಿ ನೋಡಿದ್ದಾಯ್ತು.

ಲೆಕ್ಕದ ಪ್ರಕಾರ ನಾಲ್ಕು ಸಲ ತುಂಬಬೇಕಲ್ವಾ? ಮೊದಲೇ ಮೋಸ ಹೋದೆನಾ? ಇನ್ನೊಂದು, ಅಮ್ಮ ರಾತ್ರಿ ಹಚ್ಚಿಡೋ ಸಣ್ಣ ಯುಎಸ್‌ಬಿ ದೀಪ ಸಿಕ್ಕಿಸಿದ್ರೆ ಅರ್ಧ ನಿಮಿಷಕ್ಕೆ ಆರಿಹೋಗುತ್ತೆ.

ಬೆಸುಗೆಪ್ರಿಯ:
ಮೋಸ ಆಗಿಲ್ಲ. 20000 ಅನ್ನೋದು ಒಳಗಿನ ಸೆಲ್‌ಗಳ ಲೆಕ್ಕ, ಅದೂ 3.7 ವೋಲ್ಟ್‌ನಲ್ಲಿ. ಅಂದ್ರೆ ಒಟ್ಟು ಶಕ್ತಿ 74 ವ್ಯಾಟ್-ಅವರ್. ಹೊರಗೆ ಬರೋದು 5 ವೋಲ್ಟ್, ಹಾಗಾಗಿ ಅದೇ ಶಕ್ತಿ 14800 ಎಂಎಎಚ್ ಆಗುತ್ತೆ. ವೋಲ್ಟೇಜ್ ಏರಿಸುವಾಗ ಒಂದಿಷ್ಟು ಬಿಸಿಯಾಗಿ ಹೋಗುತ್ತೆ, ಕೈಗೆ ಸಿಗೋದು ಸುಮಾರು 12000. ಹಿಂಬದಿಯ ಸಣ್ಣಕ್ಷರದಲ್ಲಿ 'ರೇಟೆಡ್ ಕೆಪಾಸಿಟಿ' ಅಂತ ಇರೋದು ಇದೇ. ಫೋನಿನೊಳಗೂ ಸ್ವಲ್ಪ ನಷ್ಟ ಇದೆ. ಎರಡೂವರೆ ಸಲ ಅಂದ್ರೆ ನಿಮ್ಮದು ಒಳ್ಳೇ ಮಾಲೇ.

ದೀಪದ ವಿಷಯ ದೋಷ ಅಲ್ಲ. ಎಳೆಯೋ ಕರೆಂಟ್ ತೀರಾ ಕಡಿಮೆ ಇದ್ರೆ 'ಫೋನ್ ತುಂಬಿತು' ಅಂದ್ಕೊಂಡು ಪವರ್ ಬ್ಯಾಂಕ್ ತಾನೇ ಮಲಗುತ್ತೆ. ಕೆಲವು ಮಾಡೆಲ್‌ನಲ್ಲಿ ಬಟನ್ ಎರಡು ಸಲ ಒತ್ತಿದ್ರೆ ಕಡಿಮೆ ಕರೆಂಟಿನ ಮೋಡ್ ಆನ್ ಆಗುತ್ತೆ. ಇಯರ್‌ಬಡ್ಸ್, ವಾಚ್ ಚಾರ್ಜ್ ಮಾಡೋಕೂ ಅದೇ.

ಆದರೆ ಎರಡೂವರೆಯಿಂದ ಒಂದೂಕಾಲಿಗೆ ಇಳಿದದ್ದು ಸಹಜ ಅಲ್ಲ. ಪೂರ್ತಿ ಚಾರ್ಜ್ ಆಗೋಕೆ ಎಷ್ಟು ಹೊತ್ತು? ಎಲ್ಲಿಡ್ತೀರಿ?

ತುಂಗಾತೀರ:
ಮೊದಲು 10 ವ್ಯಾಟ್ ಚಾರ್ಜರಿಗೆ ರಾತ್ರಿಯಿಡೀ ಬೇಕಿತ್ತು. ಈಗ ನಾಲ್ಕು ತಾಸಿಗೇ ನಾಲ್ಕೂ ದೀಪ. ಮಳೆಗಾಲದಲ್ಲಿ ಎಲ್ಲಾ ಬೂಷ್ಟು ಹಿಡಿಯುತ್ತಲ್ಲ, ತೇವ ತಾಗದಿರಲಿ ಅಂತ ಫುಲ್ ಮಾಡಿ ಬಚ್ಚಲೊಲೆ ಮೇಲಿನ ಅಟ್ಟದಲ್ಲಿಡ್ತೀನಿ. ಅಡಿಕೆ, ಕೊಬ್ಬರಿ ಎಲ್ಲಾ ಅಲ್ಲೇ ಬೆಚ್ಚಗಿರುತ್ತೆ.

ಬೆಸುಗೆಪ್ರಿಯ:
ಕಾರಣ ಸಿಕ್ಕಿತು. ಕೊಬ್ಬರಿಗೆ ಒಳ್ಳೇದಾದ ಜಾಗ ಲಿಥಿಯಂ ಸೆಲ್‌ಗೆ ಆಗಲ್ಲ. ಪೂರ್ತಿ ತುಂಬಿದ ಸೆಲ್ 4.2 ವೋಲ್ಟ್‌ನಲ್ಲಿ ಇರುತ್ತೆ. ಆ ಸ್ಥಿತಿಯಲ್ಲಿ ದಿನಾ ಶಾಖ ತಾಗಿದ್ರೆ ಒಳಗಿನ ಎಲೆಕ್ಟ್ರೋಲೈಟ್ ಅನ್ನೋ ರಾಸಾಯನಿಕ ಒಡೆದು ಗ್ಯಾಸ್ ಆಗುತ್ತೆ, ಸಾಮರ್ಥ್ಯ ಶಾಶ್ವತವಾಗಿ ಹೋಗುತ್ತೆ. ಆ ದೀಪಗಳನ್ನ ನಂಬಬೇಡಿ, ಹೆಚ್ಚಿನವು ವೋಲ್ಟೇಜ್ ನೋಡಿ ಉರಿಯುತ್ತವೆ ಅಷ್ಟೇ. ಬಿಂದಿಗೆ ಸಣ್ಣದಾಗಿದೆ, ಅದಕ್ಕೇ ಬೇಗ ತುಂಬ್ತಿದೆ.

ಈಗಲೇ ಒಂದು ಕೆಲಸ ಮಾಡಿ. ಸಮತಟ್ಟಾದ ಕಲ್ಲಿನ ಮೇಲೆ ಮಲಗಿಸಿ, ಒಂದು ಮೂಲೆಯನ್ನ ಬೆರಳಲ್ಲಿ ಮೆಲ್ಲಗೆ ತಳ್ಳಿ.

ತುಂಗಾತೀರ:
ಜಗಲಿ ಕಲ್ಲಿನ ಮೇಲಿಟ್ಟೆ. ತಳ್ಳಿದ್ರೆ ಅರ್ಧ ಸುತ್ತು ತಿರುಗಿತು! ಅಂಚಿನ ಬೆಸುಗೆ ಒಂದು ಕಡೆ ಬಿಟ್ಟಿದೆ, ಉಗುರು ಹೋಗುವಷ್ಟು ಸಂದು. ಪೇಟೆಯ ಅಂಗಡಿಯವರು ಬಿಚ್ಚಿ ಸೆಲ್ ಬದಲಾಯಿಸಿ ಕೊಡ್ತೀವಿ ಅಂತಾರೆ.

ಬೆಸುಗೆಪ್ರಿಯ:
ಒಳಗಿನ ಸೆಲ್ ಉಬ್ಬಿದೆ, ಅದಕ್ಕೇ ತಿರುಗಿತು. ಇನ್ನು ಚಾರ್ಜ್ ಮಾಡಬೇಡಿ, ಅದರಿಂದ ಫೋನಿಗೂ ಹಾಕಬೇಡಿ. ದಯವಿಟ್ಟು ಯಾರಿಗೂ ಬಿಚ್ಚೋಕೆ ಬಿಡಬೇಡಿ. ಸ್ಕ್ರೂಡ್ರೈವರ್ ತುದಿ ಪಾಲಿಮರ್ ಸೆಲ್‌ನ ತೆಳು ಹಾಳೆಗೆ ತಾಗಿದ್ರೆ ಒಳಗೇ ಶಾರ್ಟ್ ಆಗಿ ಬೆಂಕಿ ಏಳುತ್ತೆ. ಚುಚ್ಚಿ ಗ್ಯಾಸ್ ಬಿಡಿಸೋ ವಿಡಿಯೋಗಳನ್ನ ಮರೆತುಬಿಡಿ.

ಮನೆಯಿಂದ ಹೊರಗೆ, ಮಳೆ ಬೀಳದ ಕಡೆ, ಒಣ ಮರಳು ಹಾಕಿದ ಮಣ್ಣಿನ ಮಡಕೆಯಲ್ಲಿಡಿ. ಮುಚ್ಚಳ ಬಿಗಿಯಬೇಡಿ. ಹುಲ್ಲು, ಕಟ್ಟಿಗೆ ದೂರ ಇರಲಿ. ಕಸದ ಗಾಡಿಗೆ ಕೊಟ್ರೆ ಅದು ಒತ್ತುವಾಗ ಹೊತ್ತಿಕೊಳ್ಳಬಹುದು, ಇ-ತ್ಯಾಜ್ಯ ಸಂಗ್ರಹದವರಿಗೇ ತಲುಪಬೇಕು. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೆಯದನ್ನ ಮರಳಿ ಪಡೆಯೋ ಹೊಣೆ ತಯಾರಕರದ್ದೇ, ಕಂಪನಿಗೂ ಬರೆಯಿರಿ. ಬಸ್ಸಲ್ಲಿ ಚೀಲಕ್ಕೆ ತುರುಕಿ ಮಾತ್ರ ಒಯ್ಯಬೇಡಿ.

ಹೊಸದು ತಗೊಳ್ಳುವಾಗ ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಗುರುತಿನ ಜೊತೆ ಆರ್ ಅಕ್ಷರದಿಂದ ಶುರುವಾಗೋ ನೋಂದಣಿ ಸಂಖ್ಯೆ ಇದೆಯಾ ನೋಡಿ, ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದ್ರೆ ಅಸಲಿಯೋ ಅಲ್ಲವೋ ಗೊತ್ತಾಗುತ್ತೆ. ಬೇಸಿಗೆಯಲ್ಲಿ ಸುಮ್ಮನೆ ಇಡುವಾಗ ಎರಡು ದೀಪದಷ್ಟು ಚಾರ್ಜ್ ಸಾಕು, ಮೂರು ತಿಂಗಳಿಗೊಮ್ಮೆ ನೋಡಿ. ಮಳೆ ಜೋರಾಗೋ ಸೂಚನೆ ಬಂದಾಗ ಫುಲ್ ಮಾಡ್ಕೊಳ್ಳಿ. ತೇವಕ್ಕೆ ಮುಚ್ಚಳದ ಡಬ್ಬಿ, ಒಳಗೊಂದು ಸಿಲಿಕಾ ಜೆಲ್ ಪೊಟ್ಟಣ ಸಾಕು.

ತುಂಗಾತೀರ:
ಮಡಕೆ ಕೊಟ್ಟಿಗೆಯಿಂದಲೂ ದೂರ, ತೊಳಸಿಕಟ್ಟೆಯಾಚೆ ತಗಡಿನ ಕೆಳಗಿದೆ. ಕಂಪನಿಗೆ ಬರೆದಿದ್ದೀನಿ. ಹೊಸದು ಬಂತು, ಅದರಲ್ಲಿ ಬಟನ್ ಎರಡು ಸಲ ಒತ್ತಿದ್ರೆ ಅಮ್ಮನ ದೀಪ ಆರಲ್ಲ. ನಿನ್ನೆ ಕರೆಂಟ್ ಹೋದಾಗ ಎರಡು ತಾಸು ಉರಿಯಿತು, ಆಮೇಲೆ ಅದಾಗಿ ಆಫ್ ಆಯ್ತು.

ಬೆಸುಗೆಪ್ರಿಯ:
ಕೆಲವು ಮಾಡೆಲ್‌ನಲ್ಲಿ ಆ ಮೋಡ್‌ಗೆ ಎರಡು ತಾಸಿನ ಮಿತಿ ಇದೆ. ಮತ್ತೆ ಎರಡು ಸಲ ಒತ್ತಿ.