ಕರೆಂಟಿನ 'ದಕ್ಷತೆ', ಮಾಳಿಗಿ 'ಇನ್ಸುಲೇಶನ್': ಮಾತಿನ ಕನ್ನಡದಾಗ ಏನನ್ನೋಣ?

ಬಳಗದ ಎಲ್ಲರಿಗೂ ಶರಣು. ಕಟ್ಟಿ ಮುಗಿದಿರೋ ಮನಿಗಳೊಳಗ ಕರೆಂಟ್ ಖರ್ಚು ಹೆಂಗ ಕಡಿಮಿ ಮಾಡಬೇಕು ಅಂತ ನಮ್ಮ ವಿಜಯಪುರದ ಓಣಿ ಮಂದಿಗೆ ಒಂದು ಹಾಳಿ ಬರಿಯಾಕ ಕುಂತೀನಿ, ಎರಡು ಪದ ಸಿಗವಲ್ವು, ತಿಳದವ್ರು ಹೇಳ್ರಿ.

ಮೊದಲನೇದು 'ದಕ್ಷತೆ'. ಸರ್ಕಾರಿ ಕಾಗದದಾಗ 'ಇಂಧನ ದಕ್ಷತೆ' ಅಂತನ ಇರ್ತದ, ಆದ್ರ ಇಲ್ಲಿ ದಕ್ಷ ಅಂದ್ರ ಆಫೀಸರ್ ನೆನಪಾಗ್ತಾನ, ಫ್ಯಾನ್ ಅಲ್ಲ. 'ಉಳಿತಾಯ' ಅಂತ ಬರದ್ರ ಅರ್ಥನ ಬ್ಯಾರೆ ಆಗ್ತದ. ಫ್ಯಾನ್ ಬಂದ್ ಮಾಡಿ ಶೆಕಿಯೊಳಗ ಕುಂತ್ರೂ ಅದು ಉಳಿತಾಯನ, ಆದ್ರ ಹಳೇ ಫ್ಯಾನ್ ಸುಮಾರು 75 ವ್ಯಾಟ್ ಎಳಿಯೋ ಕಡೆ ಬಿಎಲ್‌ಡಿಸಿ (ಬ್ರಶ್ ಇಲ್ಲದ ಡಿಸಿ ಮೋಟರಿನ) ಫ್ಯಾನ್ 30ರ ಆಸುಪಾಸು ತಗೊಂಡು ಅಷ್ಟ ಗಾಳಿ ಕೊಡತದಲ್ಲ, ನನಗ ಹೇಳಬೇಕಾಗಿರೋದು ಅದು. ಮಂದಿ 'ಕರೆಂಟ್ ಕಡಿಮಿ ತಿಂತದ' ಅಂತಾರ, ಮಾತು ಛಲೋ ಅದ, ತಲಿಬರಹಕ್ಕ ಮಾತ್ರ ನಾಮಪದ ಬೇಕು. ಹಳೇ ಅಕ್ಕಿ ಒದಗತದ, ಅಂದ್ರ ಅಷ್ಟ ಅಕ್ಕಿಗೆ ಹೆಚ್ಚು ಅನ್ನ ಆಗ್ತದ ಅಂತೀವಲ್ಲ, ಆ 'ಒದಗು'ದಿಂದ 'ಒದಗಿಕೆ' ಮಾಡಿದ್ರ ಹೆಂಗ? ನಿಮ್ಮ ಕಡೆ ಈ ಅರ್ಥ ಹತ್ತತದೋ, ಇಲ್ಲಾ 'ಒದಗಿಸು' ನೆನಪಾಗಿ ಸಪ್ಲೈ ಅನ್ನೋದ ಮೊದಲ ಬರ್ತದೋ?

ಎರಡನೇದು ಇನ್ಸುಲೇಶನ್, ಅಂದ್ರ ಮಾಳಿಗಿ ಕಾವು ಮನಿಯೊಳಗ ದಾಟದಂಗ ತಡಿಯೋದು. ಶಾಲಿ ಪುಸ್ತಕದ 'ಅವಾಹಕ' ವೈರಿಗೆ ಸರಿ, ಮಾಳಿಗಿಗೆ ಹೊಂದೂದಿಲ್ಲ. ನಮ್ಮಲ್ಲಿ ಝಳ ಬಡೀತದ, ಧಗಿ ಆಗ್ತದ, ಕಾವು ಹಿಡೀತದ, ಮೂರೂ ಬ್ಯಾರೆ ಬ್ಯಾರೆ. ಸ್ಲ್ಯಾಬ್ ಮನಿಯೊಳಗ ಏಪ್ರಿಲ್ ಮೇದಾಗ ತ್ರಾಸ ಕೊಡೋದು ಕಾವು. ಮಧ್ಯಾನ್ನ ಕಾಂಕ್ರೀಟ್ ಹಿಡದದ್ದನ್ನ ರಾತ್ರಿ ಒಳಗ ಬಿಡತದ, ಅಂಗಳ ತಂಪಾದ್ರೂ ಖೋಲಿ ಆರೂದಿಲ್ಲ. ಹಳೇ ಮನಿಗಳೊಳಗ ತೊಲಿ ಜಂತಿ ಮ್ಯಾಲೆ ದಪ್ಪ ಮಣ್ಣು ಹಾಕ್ತಿದ್ರು, ಆ ಮೇಲ್ಮುದ್ದಿ ದಾಟಿ ಕಾವು ಒಳಗ ಬರೋದ್ರಾಗ ಹೊತ್ತು ಮುಣಗ್ತಿತ್ತು. ಹಂಗಾಗಿ 'ಕಾವುತಡೆ' ಅಂತ ಬರದೀನಿ.

ತೊಡಕು ಇಲ್ಲೇ ಅದ. ಮಾಳಿಗಿಗೆ ಬಿಳಿ ಸುಣ್ಣ ಹಚ್ಚೋದೂ ಕಾವುತಡೆನ ಅಂತ ಓದಿದವ್ರು ತಿಳಕೋತಾರ. ಸುಣ್ಣ ಬಿಸಲನ್ನ ವಾಪಸ್ ಕಳಸ್ತದ, ಸ್ಲ್ಯಾಬ್ ಕಾಯೋದ ಕಡಿಮಿ ಆಗ್ತದ, ಧೂಳು ಕೂತು ಬಿಳುಪು ಹೋದ್ರ ಮತ್ತ ಹಚ್ಚಬೇಕು. ಥರ್ಮಾಕೋಲ್, ಫೋಮ್ ಶೀಟ್ ಹಂಗಲ್ಲ, ಕಾದದ್ದು ಒಳಗ ದಾಟದಂಗ ಅಡ್ಡ ನಿಲ್ತಾವ. ಕೆಲಸ ಬ್ಯಾರೆ, ಖರ್ಚೂ ಬ್ಯಾರೆ, ಅದಕ್ಕ ಒಂದ ಪದ ಸಾಲೂದಿಲ್ಲ ಅನಸ್ತದ. ಸುಣ್ಣದ ಕೆಲಸಕ್ಕ 'ಬಿಸಲುಮರಳಿಕೆ' ಅಂತ ಬರದು ನೋಡಿದೆ, ನಾಲಿಗಿಗೆ ಹೊಂದವಲ್ದು. ಬಾಗಲಕೋಟಿ, ಬೆಳಗಾವಿ ಕಡೆ ಗೌಂಡಿಗಳು ಇದಕ್ಕ ಏನಂತಾರ, ಗೊತ್ತಿದ್ದವ್ರು ದಯವಿಟ್ಟು ಬರೀರಿ.