ತುಳಸಿ ಎಲೆಯಲ್ಲಿ ಎಣ್ಣೆಯ ಗುಳ್ಳೆಗಳೇ ಕಾಣುತ್ತಿಲ್ಲ

ಎಲೆಮರೆ:
ಶಾಲೆಗಳಲ್ಲಿ ಇರುವಂಥ ಹಳೆಯ ಸೂಕ್ಷ್ಮದರ್ಶಕವೊಂದು ನನ್ನ ಬಳಿ ಇದೆ. ತುಳಸಿಯ ಸ್ರಾವಕ ರೋಮಗಳನ್ನು, ಅಂದರೆ ಎಣ್ಣೆ ಒಸರುವ ಸೂಕ್ಷ್ಮ ಕೂದಲುಗಳನ್ನು, ನೋಡಲೆಂದು ಮೂರು ಸಂಜೆ ಕಳೆದೆ. ಎಲೆಯನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ, ಉಗುರುಬಣ್ಣ ಬಳಿದು, ಒಣಗಿದ ಪದರವನ್ನು ಅಂಟುಪಟ್ಟಿಯಿಂದ ಕಿತ್ತು 100 ಪಟ್ಟು ಹಿಗ್ಗಿಸಿ ನೋಡಿದೆ. ಪತ್ರರಂಧ್ರಗಳು ಚೆನ್ನಾಗಿ ಕಂಡವು. ಎಣ್ಣೆ ತುಂಬಿದ ದುಂಡು ಗುಳ್ಳೆಗಳು ಮಾತ್ರ ಇಲ್ಲ. ಒಂದೆರಡು ಸುಕ್ಕುಗಟ್ಟಿದ ಗುರುತುಗಳಿವೆ, ಅಷ್ಟೇ. ಗಿಡವೇನೋ ಘಮಘಮಿಸುತ್ತಿದೆ. ಮಸೂರದ ದೋಷವೇ?

ಹಿತ್ತಲ ಮಸೂರ:
ಮಸೂರವನ್ನು ಬೈಯಬೇಡಿ. ನೋಡಬೇಕಾದುದನ್ನು ನೀವೇ ಒರೆಸಿ ಹಾಕಿದ್ದೀರಿ. ಸ್ಪಿರಿಟ್ ಆ ಎಣ್ಣೆಯನ್ನು ಕರಗಿಸುತ್ತದೆ. ಏನಾದರೂ ಉಳಿದಿದ್ದರೆ ಉಗುರುಬಣ್ಣದ ದ್ರಾವಕ ಮುಗಿಸುತ್ತದೆ. ಅಚ್ಚು ತೆಗೆಯುವ ವಿಧಾನ ಪತ್ರರಂಧ್ರಕ್ಕೆ ಸರಿ, ಇದಕ್ಕಲ್ಲ.

ನೀವು ಹುಡುಕುತ್ತಿರುವ ರೋಮ, ಅಂದರೆ ತುಳಸಿಯ ದೊಡ್ಡ ಎಣ್ಣೆ ಗ್ರಂಥಿ, ಎಲೆಯ ಮೇಲಿನ ಸಣ್ಣ ಗುಳಿಯಲ್ಲಿ ಕುಳಿತಿರುತ್ತದೆ. ಬುಡಕ್ಕೊಂದು ಕೋಶ, ಗಿಡ್ಡ ಕತ್ತಿಗೊಂದು, ತಲೆಯಲ್ಲಿ ನಾಲ್ಕು. ರೊಟ್ಟಿಯನ್ನು ನಾಲ್ಕು ಪಾಲು ಮಾಡಿ ಇಟ್ಟ ಹಾಗೆ. ಎಣ್ಣೆ ತಯಾರಾಗುವುದು ಈ ನಾಲ್ಕರಲ್ಲಿ. ಆದರೆ ಅಲ್ಲಿ ಉಳಿಯುವುದಿಲ್ಲ. ಕೋಶದಿಂದ ಹೊರಬಂದು ಹೊರಪೊರೆಯ ಕೆಳಗೆ ಸೇರಿ ಅದನ್ನು ಪೂರಿಯಂತೆ ಉಬ್ಬಿಸುತ್ತದೆ. ತುಳಸಿ ಎಣ್ಣೆಯಲ್ಲಿರುವ ಯೂಜಿನಾಲ್‌ನಂಥ ಖಾರದ ವಸ್ತುವನ್ನು ತನ್ನ ಜೀವಕೋಶದೊಳಗೇ ತುಂಬಿಟ್ಟುಕೊಂಡರೆ ಗಿಡಕ್ಕೇ ಕೇಡು. ಚೀಲ ಒಡೆಯಬೇಕಾದದ್ದು ಎಲೆ ಕಚ್ಚಿದ ಹುಳುವಿನ ಬಾಯಲ್ಲಿ. ಕತ್ತಿನ ಕೋಶದ ಪಕ್ಕದ ಗೋಡೆಗಳಿಗೆ ನೀರು ಹಾಯದ ಲೇಪವಿದೆ. ಹಾಗಾಗಿ ಸರಕು ಹಿಂದಕ್ಕೆ ಎಲೆಯೊಳಗೆ ಸೋರುವುದಿಲ್ಲ. ನಿಮಗೆ ಸಿಕ್ಕ ಸುಕ್ಕುಗಳು ಬರಿದಾದ ಚೀಲಗಳೇ ಇರಬೇಕು.

ಕುಡಿಯಿಂದ ಎರಡನೆಯ ಜೋಡಿಯ ಎಳೆ ಎಲೆ ಕೀಳಿ, ತೊಟ್ಟು ಹಿಡಿದೇ ತನ್ನಿ. ಉಜ್ಜಬೇಡಿ, ಗಾಜಿನ ಮುಚ್ಚಳ ಹಾಕಬೇಡಿ. ಹಿಂಬದಿ ಮೇಲೆ ಮಾಡಿ, ಕೆಳಗಿನ ಬೆಳಕು ಆರಿಸಿ, ಮೊಬೈಲ್ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು ಮೊದಲು 40 ಪಟ್ಟಿನಲ್ಲಿ ನೋಡಿ.

ಕಾಯಿಪಲ್ಯ:
ತುಳಸಿಗೆ ತಾಳ್ಮೆ ಬೇಕು. ಟೊಮೆಟೊ ಕಾಂಡ ಸುಲಭ, ಅಲ್ಲಿ ರೋಮಗಳು ಎದ್ದು ನಿಂತಿರುತ್ತವೆ. ಕುಡಿ ಚಿವುಟಿದಾಗ ಬೆರಳಿಗೆ ಹಳದಿ-ಹಸಿರು ಜಿಗುಟು ಹತ್ತುವುದು ಅವುಗಳಿಂದಲೇ. ಸಣ್ಣ ಕೀಟಗಳು ಅದರಲ್ಲಿ ಅಂಟಿಕೊಂಡು ಸಾಯುವುದೂ ಉಂಟು.

ಎಲೆಮರೆ:
ಕಂಡವು! ಜೇನಿನ ಹನಿಯಂತೆ ಮಿನುಗುತ್ತಿವೆ. ಸೂಜಿಯ ಮೊನೆ ತಾಗಿಸಿದ ಕೂಡಲೇ ಒಂದು ಕುಸಿದು ಚಪ್ಪಟೆಯಾಯಿತು, ಸೂಜಿಯನ್ನು ಮೂಸಿದರೆ ತುಳಸಿಯದೇ ವಾಸನೆ. ನಡುನಡುವೆ ಗುಂಡುಸೂಜಿಯಂಥ ತೀರಾ ಚಿಕ್ಕವೂ ಇವೆ. ಅವು ಬೆಳೆಯದ ಮರಿಗಳೇ?

ಹಿತ್ತಲ ಮಸೂರ:
ಅಲ್ಲ, ಅವು ಬೇರೆಯೇ ಜಾತಿಯ ಗ್ರಂಥಿಗಳು. ತಲೆಯಲ್ಲಿ ಒಂದೋ ಎರಡೋ ಕೋಶ. ದೊಡ್ಡವುಗಳ ಹಾಗೆ ಚೀಲ ತುಂಬಿಡುವ ಗೋಜು ಅವಕ್ಕಿಲ್ಲ, ಸ್ರಾವವನ್ನು ಸ್ವಲ್ಪಸ್ವಲ್ಪವಾಗಿ ಹೊರಗೆ ಬಿಡುತ್ತವೆ. ಉದ್ದಕ್ಕೆ ಮೊನಚಾಗಿ ಕಾಣುವ ಕೂದಲುಗಳಿಂದ ಏನೂ ಒಸರುವುದಿಲ್ಲ, ಅವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಸ್ಪಿರಿಟ್ ಬಾಟಲಿಯನ್ನು ಎಸೆಯಬೇಕಾಗಿಲ್ಲ: ಅದೇ ಎಲೆಯ ಅರ್ಧವನ್ನು ಈಗ ಒರೆಸಿ, ಎರಡೂ ಅರ್ಧಗಳ ಚಿತ್ರ ಹಾಕಿ.